ಕರಗದ ಬೆಳಗಿನ ಜಾವ, ಅರಳೆಪೇಟೆಯ ದರ್ಗಾದಲ್ಲಿ

ಚೈತ್ರ ಪೌರ್ಣಮಿಯ ರಾತ್ರಿ ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗದ, ಅಂದರೆ ತಲೆಯ ಮೇಲೆ ಹೊತ್ತು ತರುವ ಮಲ್ಲಿಗೆ ಮುಡಿದ ಕಳಶದ, ಬೆನ್ನು ಹತ್ತಿ ಹೊರಟವರಿಗೆ ಅದು ದರ್ಗಾಕ್ಕೆ ಕೊಡುವ ಭೇಟಿ ನೋಡಸಿಗುವುದು ಕಷ್ಟ. ಅವೆನ್ಯೂ ರಸ್ತೆಯ ಜನಸಾಗರದಲ್ಲಿ ಸಿಕ್ಕಿಕೊಂಡರೆ ಮುಂದಕ್ಕೂ ಹೋಗಲಾಗದು, ಹಿಂದಕ್ಕೂ ಬರಲಾಗದು. ಅಷ್ಟರಲ್ಲಿ ಕರಗ ಮಾರ್ಕೆಟ್ಟು, ಅಕ್ಕಿಪೇಟೆ ದಾಟಿ ಹೋಗಿರುತ್ತದೆ. ಮಸ್ತಾನ್ ಸಾಬ್ ದರ್ಗಾದ ಮುಂದೆಯೇ ಮೊದಲು ಹೋಗಿ ಕಾಯಬೇಕು. ಮೆಜೆಸ್ಟಿಕ್‌ನಿಂದ ಕಾಟನ್‌ಪೇಟೆ (ಅರಳೆಪೇಟೆಯ ಇನ್ನೊಂದು ಹೆಸರು) ಮುಖ್ಯರಸ್ತೆ ಹಿಡಿದರೆ ನಡಿಗೆಯ ದಾರಿ. ಕರಗ ಗುಡಿ ಬಿಡುವುದೇ ನಡುರಾತ್ರಿ ದಾಟಿದ ಮೇಲೆ, ಅದೂ ತಡವಾಗುವುದು ಮಾಮೂಲು. ನೀರು, ತಾಳ್ಮೆ ಎರಡೂ ಜೊತೆಗಿರಲಿ.

ಇಲ್ಲಿ ಮಲಗಿರುವವರು ಹಜರತ್ ತವಕ್ಕಲ್ ಮಸ್ತಾನ್. 1761ರಲ್ಲಿ ಹೈದರಾಲಿ ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದಾಗ ಇವರು ಕೂಲಿಯವರ ಜೊತೆ ಕಲ್ಲು ಹೊತ್ತವರೆಂದು ಪೇಟೆಯ ಮಾತು. ಕರಗ ನೋಡಲು ಹೋಗಿ ಗಾಯಗೊಂಡಾಗ ಗುಡಿಯವರು ಅರಿಶಿನ ಹಚ್ಚಿ ಉಪಚರಿಸಿದರಂತೆ. ಕರಗ ತಮ್ಮ ಬಾಗಿಲಿಗೂ ಬರಲಿ ಎಂದು ಮಸ್ತಾನರು ಕೇಳಿಕೊಂಡದ್ದು ಆಮೇಲೆ.

ಮೊದಲು ಕೇಳಿಸುವುದು ‘ಗೋವಿಂದಾ’ ಎಂಬ ಕೂಗು. ಕರಗದ ಕಾವಲಿಗೆ ಬಿಚ್ಚುಗತ್ತಿ ಹಿಡಿದ ವೀರಕುಮಾರರು ಬಂದೊಡನೆ ಗೋಡೆಗೆ ಒತ್ತಿಕೊಂಡು ನಿಲ್ಲಿ. ಫೋಟೋಗೆಂದು ಅವರ ಸಾಲಿನೊಳಗೆ ನುಗ್ಗಬೇಡಿ. ಕರಗ ಹೊತ್ತವರು ಅದನ್ನು ಕೈಯಿಂದ ಹಿಡಿದಿರುವುದಿಲ್ಲ, ತಲೆಯ ಮೇಲೆ ಬರೀ ಹದದಿಂದ ನಿಂತಿರುತ್ತದೆ. ಒಬ್ಬರು ಅಡ್ಡ ಬಂದರೂ ಅಪಾಯ. ಒಳಗೆ ಮೂರು ಸುತ್ತು ಹಾಕಿ ಕರಗ ಬಳೇಪೇಟೆಯತ್ತ ಹೊರಡುತ್ತದೆ. ಎಲ್ಲ ಕೆಲವೇ ನಿಮಿಷ.

2022ರಲ್ಲಿ ಈ ಭೇಟಿ ಬೇಡವೆಂದು ಕೆಲವರು ಗಲಾಟೆ ಎಬ್ಬಿಸಿದ್ದರು. ಗುಡಿಯವರು ಸಂಪ್ರದಾಯ ಬಿಡಲಿಲ್ಲ. ಬೆಂಗಳೂರು ಅವರಿಗೆ ಋಣಿಯಾಗಿರಬೇಕು.

ಗುಂಪು ಕರಗಿದ ಮೇಲೆ ಚಪ್ಪಲಿ ಬಿಟ್ಟು, ತಲೆಗೆ ಕರ್ಚೀಫು ಕಟ್ಟಿಕೊಂಡು ಒಳಗೆ ಹೋಗಿ. ಮಜಾರಿನ (ಗೋರಿಯ) ಕಾಲ್ದೆಸೆಯಲ್ಲಿ ನಿಂತು ಕೈಮುಗಿದರೆ ಸಾಕು. ಹೊರಬರುವಾಗ ಬೆನ್ನು ತೋರಿಸದೆ ಹಿಂದಕ್ಕೆ ಹೆಜ್ಜೆಯಿಡುವುದು ರಿವಾಜು. ಆಗ ನೆಲವನ್ನೊಮ್ಮೆ ನೋಡಿ: ಗೋರಿಗೆ ಹೊದಿಸಿದ ಚಾದರದಿಂದ ಉದುರಿದ ಗುಲಾಬಿ ಪಕಳೆಯ ನಡುವೆ ಕರಗದ ಮಲ್ಲಿಗೆ ಮೊಗ್ಗು, ಕೆಲವು ತುಳಿದು ಕಂದಿದ್ದು, ಕೆಲವು ಇನ್ನೂ ಬಿಳಿ.