ಕರ್ನಲ್ ಬರೆಯಲು ಕೂತಿದ್ದೀರಾ? ಟೈಮರ್ ತನಕ ಬನ್ನಿ

ಸ್ವಂತ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಬರೆಯಲು ಹೊರಟ ತುಂಬಾ ಜನ ಅದನ್ನು ಮೆಮೊರಿಗೆ ತಂದು ಶುರುಮಾಡುವ ಬೂಟ್‌ಲೋಡರ್‌ನಲ್ಲೇ ಸುಸ್ತಾಗಿ ಬಿಟ್ಟುಬಿಡುತ್ತಾರೆ. 512 ಬೈಟ್‌ನ ಬೂಟ್ ಸೆಕ್ಟರ್, 16 ಬಿಟ್‌ನ ರಿಯಲ್ ಮೋಡ್, ಅಲ್ಲಿಂದ ಪ್ರೊಟೆಕ್ಟೆಡ್ ಮೋಡ್‌ಗೆ ಜಿಗಿತ, ಇದೆಲ್ಲ ತಿಳಿದಿರಬೇಕು ನಿಜ, ಆದರೆ ಶುರುವಿನಲ್ಲೇ ಬೇಡ. ಅದನ್ನು ಗ್ರಬ್ ಎಂಬ ಸಿದ್ಧ ಬೂಟ್‌ಲೋಡರ್‌ಗೆ ಬಿಡಿ. ನಿಮ್ಮ ಕರ್ನಲ್ ಫೈಲ್‌ನ ಆರಂಭದಲ್ಲಿ ಗ್ರಬ್ ಗುರುತಿಸುವ ಮಲ್ಟಿಬೂಟ್ ಹೆಡರ್ ಒಂದಿದ್ದರೆ ಅದೇ ನಿಮ್ಮನ್ನು 32 ಬಿಟ್ ಮೋಡ್‌ಗೆ ತಂದು ನಿಲ್ಲಿಸುತ್ತದೆ. ಜಿಡಿಟಿ (ಮೆಮೊರಿ ಸೆಗ್ಮೆಂಟ್‌ಗಳ ಪಟ್ಟಿ) ಮಾತ್ರ ನಿಮ್ಮದೇ ಹಾಕಿಕೊಳ್ಳಿ.

ಸ್ಕ್ರೀನ್ ಮೇಲೆ ಅಕ್ಷರ ಮೂಡಿಸುವುದು ಸುಲಭ. ವಿಜಿಎ ಟೆಕ್ಸ್ಟ್ ಮೋಡ್‌ನಲ್ಲಿ ಹೆಕ್ಸ್ ಬಿ8000 ವಿಳಾಸದಿಂದ ಒಂದು ಬೈಟ್ ಅಕ್ಷರ, ಒಂದು ಬೈಟ್ ಬಣ್ಣ, ಅಷ್ಟೇ.

ಅಸಲಿ ಮಜಾ ಇರುವುದು ಇಂಟರಪ್ಟ್‌ಗಳಲ್ಲಿ, ಅಂದರೆ ಸಿಪಿಯು ಮಾಡುತ್ತಿರುವ ಕೆಲಸವನ್ನು ನಡುವೆ ನಿಲ್ಲಿಸಿ ಕರೆಯುವ ಸಂಕೇತಗಳಲ್ಲಿ. ಇಲ್ಲೊಂದು ಹಳೇ ಗಂಟು ಇದೆ. ಮೊದಲ 32 ಇಂಟರಪ್ಟ್ ನಂಬರ್‌ಗಳನ್ನು ಇಂಟೆಲ್ ಸಿಪಿಯು ಎಕ್ಸೆಪ್ಶನ್‌ಗಳಿಗೆ (ಸಿಪಿಯು ತಾನೇ ಪತ್ತೆಹಚ್ಚುವ ದೋಷಗಳಿಗೆ) ಅಂತ ಮೀಸಲಿಟ್ಟಿತ್ತು, ಆದರೆ 1981ರ ಐಬಿಎಂ ಪಿಸಿಯಲ್ಲಿ ಹಾರ್ಡ್‌ವೇರ್ ಇಂಟರಪ್ಟ್‌ಗಳು 8ರಿಂದ ಶುರುವಾದವು, ಅದು ಹಾಗೇ ಉಳಿದುಕೊಂಡಿತು. ಹಾಗಾಗಿ ಟೈಮರ್ ಟಿಕ್ ಬಂದರೂ 8, ಡಬಲ್ ಫಾಲ್ಟ್ (ಒಂದು ಎಕ್ಸೆಪ್ಶನ್ ನಿಭಾಯಿಸಲು ಹೋದಾಗಲೇ ಇನ್ನೊಂದು) ಆದರೂ 8. ಯಾವುದು ಯಾವುದು ಅಂತ ಹೇಗೆ ಹೇಳುವುದು, ಅಲ್ವಾ? ಅದಕ್ಕೇ ಹಾರ್ಡ್‌ವೇರ್ ಇಂಟರಪ್ಟ್‌ಗಳನ್ನು ಸಿಪಿಯುಗೆ ತಲುಪಿಸುವ ಪಿಐಸಿ ಚಿಪ್ಪನ್ನು ರೀಮ್ಯಾಪ್ ಮಾಡಿ ಟೈಮರನ್ನು 32ಕ್ಕೆ ಕಳಿಸಬೇಕು. ಇಂಟರಪ್ಟ್ ಬಂದಾಗ ಓಡುವ ನಿಮ್ಮ ಕೋಡ್, ಅಂದರೆ ಹ್ಯಾಂಡ್ಲರ್, ಮುಗಿದಾಗ ಪಿಐಸಿಗೆ 'ಮುಗೀತು' ಅಂತ ಇಒಐ ಕಳಿಸಬೇಕು, ಇಲ್ಲದಿದ್ದರೆ ಒಂದೇ ಒಂದು ಟಿಕ್ ಬಂದು ಎಲ್ಲ ಸ್ತಬ್ಧ.

ಈ ಹಂತದಲ್ಲಿ ಟ್ರಿಪಲ್ ಫಾಲ್ಟ್ (ಡಬಲ್ ಫಾಲ್ಟನ್ನೂ ನಿಭಾಯಿಸಲಾಗದ ಸ್ಥಿತಿ) ಆಗಿ ಮಷಿನ್ ರೀಸೆಟ್ ಆಗುತ್ತಲೇ ಇರಬಹುದು. ಕರ್ನಲ್ ಓಡಿಸಿ ನೋಡುವ ಎಮ್ಯುಲೇಟರ್ ಕ್ಯೂಎಮುವಿಗೆ ಇಂಟರಪ್ಟ್‌ಗಳನ್ನು ಲಾಗ್ ಮಾಡು, ರೀಬೂಟ್ ಆಗಬೇಡ ಅಂತ ಹೇಳಿ ಓಡಿಸಿ. ಕೊನೆಯ ಎಕ್ಸೆಪ್ಶನ್ ನಂಬರ್, ಇಐಪಿ (ಆಗ ಓಡುತ್ತಿದ್ದ ಕೋಡ್‌ನ ವಿಳಾಸ) ಎರಡೂ ಕಣ್ಣೆದುರೇ ಇರುತ್ತವೆ. ಸುಮ್ನೆ ಊಹಿಸುತ್ತಾ ಕೂರಬೇಕಿಲ್ಲ.

ಟಿಕ್ ಬರತೊಡಗಿತೋ, ಮಲ್ಟಿಟಾಸ್ಕಿಂಗ್ ಕೈಗೆಟುಕುವ ದೂರದಲ್ಲಿದೆ. ಪ್ರತಿ ಟಿಕ್‌ಗೂ ಈಗಿನ ಟಾಸ್ಕ್‌ನ ರಿಜಿಸ್ಟರ್‌ಗಳನ್ನು ಅದರ ಸ್ಟ್ಯಾಕ್ ಮೇಲೇ ಪುಶ್ ಮಾಡಿ, ಸ್ಟ್ಯಾಕ್ ಪಾಯಿಂಟರನ್ನು ಇನ್ನೊಂದು ಟಾಸ್ಕ್‌ನದಕ್ಕೆ ಬದಲಾಯಿಸಿ, ಅಲ್ಲಿಂದ ಪಾಪ್ ಮಾಡಿ ಮರಳಿದರೆ ಆಯಿತು, ಕೆಲವೇ ಸಾಲು ಅಸೆಂಬ್ಲಿ. ಹೊಸ ಟಾಸ್ಕ್ ಇನ್ನೂ ಓಡಿಯೇ ಇಲ್ಲವಲ್ಲ, ಅದಕ್ಕೆ ಆಗಲೇ ಓಡುತ್ತಾ ನಡುವೆ ನಿಂತಿತ್ತು ಅನ್ನುವ ಹಾಗೆ ಸ್ಟ್ಯಾಕನ್ನು ನಾವೇ ಜೋಡಿಸಿಡಬೇಕು. ನನಗೆ ಇಡೀ ಕರ್ನಲ್‌ನಲ್ಲಿ ತುಂಬಾ ಇಷ್ಟವಾದ ಜಾಗ ಇದು. ಎರಡು ಅನಂತ ಲೂಪ್‌ಗಳು, ಒಂದಕ್ಕೊಂದು ಗೊತ್ತೇ ಇಲ್ಲದೆ, ಒಂದೇ ಸಿಪಿಯು ಮೇಲೆ ಒಟ್ಟಿಗೆ ಎಣಿಸುತ್ತಿರುತ್ತವೆ.

ಪೇಜಿಂಗ್, ಫೈಲ್ ಸಿಸ್ಟಮ್ ಎಲ್ಲ ಇದಾದ ಮೇಲೆ ನೋಡಿಕೊಳ್ಳಿ.