ಪೋಲೊ ಟಿಎಸ್‌ಐ ಹಿಂಬದಿ ಸಸ್ಪೆನ್ಷನ್: ಡಿಕ್ಕಿ ತುಂಬಿದ ಮೇಲೂ ಜಾಗ ಉಳಿಯಬೇಕು

ಟರ್ಬೊ ಪೆಟ್ರೋಲಿನ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಇರಲಿ, 2020ರ ನಂತರದ 1.0 ಟಿಎಸ್‌ಐ ಇರಲಿ, ಗಾಡಿ ಚುರುಕು ಮಾಡಿಸುವವರ ಕ್ರಮ ಹೆಚ್ಚುಕಡಿಮೆ ಒಂದೇ: ಮೊದಲು ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ತಿದ್ದುವುದು), ಆಮೇಲೆ ಟೈರು, ಆಮೇಲೆ ಸ್ಪ್ರಿಂಗ್. ಸ್ಪ್ರಿಂಗ್ ವಿಷಯ ಬಂದಾಗ ಮಾತೆಲ್ಲ ಮುಂದಿನ ಚಕ್ರಗಳದ್ದು. ಹಿಂದಿನದ್ದಕ್ಕೆ ‘ಎಷ್ಟು ಇಳಿಸೋಣ’ ಎನ್ನುವುದೊಂದೇ ಪ್ರಶ್ನೆ. ಆದರೆ ರಸ್ತೆಯ ಮೇಲೆ ದಿನಾ ಓಡುವ ಗಾಡಿಯಲ್ಲಿ ಭಾರ ಬದಲಾಗುವುದು ಹಿಂದುಗಡೆಯೇ. ಎಂಜಿನ್ ಮುಂದೆ ಅಲ್ಲೇ ಕೂತಿರುತ್ತದೆ. ಹಿಂದಿನ ಸೀಟಿಗೆ ಇಬ್ಬರು ಹತ್ತಿ, ಡಿಕ್ಕಿಗೆ ಎರಡು ಬ್ಯಾಗು ಬಿದ್ದು, 45 ಲೀಟರಿನ ಟ್ಯಾಂಕ್ ತುಂಬಿದರೆ ಬೆಳಿಗ್ಗೆ ಒಬ್ಬರೇ ಓಡಿಸಿದ ಗಾಡಿ ಸಂಜೆಗೆ ಬೇರೆಯೇ ಗಾಡಿ. ಹಾಗಾಗಿ ಹಿಂಬದಿಯ ಲೆಕ್ಕ ಶುರುವಾಗಬೇಕಾದದ್ದು ತುಂಬಿದ ಗಾಡಿಯಿಂದ.

ಪೋಲೊದ ಹಿಂದೆ ಇರುವುದು ಟ್ವಿಸ್ಟ್ ಬೀಮ್. ಎರಡು ತೋಳು, ಅವುಗಳನ್ನು ಜೋಡಿಸುವ ತಿರುಚಿಕೊಳ್ಳಬಲ್ಲ ಅಡ್ಡ ಬೀಮ್, ಮುಂತುದಿಯಲ್ಲಿ ಅವನ್ನು ಬಾಡಿಗೆ ಜೋಡಿಸುವ ಎರಡು ದೊಡ್ಡ ರಬ್ಬರ್ ಬುಷ್. ಸ್ಪ್ರಿಂಗ್ ಬೇರೆ ಕಡೆ, ಶಾಕ್ (ತೂಗಾಟ ತಡೆಯುವ ಶಾಕ್ ಅಬ್ಸಾರ್ಬರ್) ಬೇರೆ ಕಡೆ. ಸ್ಪ್ರಿಂಗ್ ಚಕ್ರಕ್ಕಿಂತ ಬುಷ್ ಕಡೆಗೆ ಸರಿದು ಕೂತಿರುವುದರಿಂದ ಚಕ್ರ 10 ಮಿ.ಮೀ. ಏರಿದರೆ ಸ್ಪ್ರಿಂಗ್ ಅಷ್ಟು ಕುಗ್ಗುವುದಿಲ್ಲ. ಈ ಅನುಪಾತ 0.7 ಎಂದುಕೊಂಡರೆ ಚಕ್ರಕ್ಕೆ ಸಿಗುವ ಗಡಸುತನ ಸ್ಪ್ರಿಂಗಿನದಕ್ಕಿಂತ 0.7ರ ವರ್ಗದಷ್ಟು, ಅಂದರೆ ಅರ್ಧದಷ್ಟೇ. ‘5 ಕೆ.ಜಿ. ಸ್ಪ್ರಿಂಗ್ ಹಾಕಿಸಿದೀನಿ’ (ಒಂದು ಮಿ.ಮೀ. ಕುಗ್ಗಲು 5 ಕೆ.ಜಿ. ಭಾರ ಬೇಕು) ಎಂದು ಕೇಳಿ ಹೆದರಬೇಕಿಲ್ಲ, ಹಿಗ್ಗಲೂಬೇಕಿಲ್ಲ. ಚಕ್ರದಲ್ಲಿ ಅದು ಎರಡೂವರೆಯೇ. ನಿಮ್ಮ ಗಾಡಿಯ ನಿಜವಾದ ಅನುಪಾತ ಬೇಕಾದರೆ ಬುಷ್ ಬೋಲ್ಟಿನ ನಡುವಿನಿಂದ ಸ್ಪ್ರಿಂಗ್ ನಡುವಿಗೂ, ಹಬ್ (ಚಕ್ರ ಬೋಲ್ಟಾಗುವ ಭಾಗ) ನಡುವಿಗೂ ಟೇಪು ಹಿಡಿದು ಅಳೆದು ಭಾಗಿಸಿ.

ಈಗ ಅಂಕಿ ಹಾಕಿ ನೋಡೋಣ. ಗಾಡಿ ಸುಮಾರು 1,100 ಕೆ.ಜಿ., ಹಿಂದಕ್ಕೆ ನೂರಕ್ಕೆ 40 ಪಾಲು ಎಂದರೆ ಹಿಂದಿನ ಒಂದು ಚಕ್ರಕ್ಕೆ 220 ಕೆ.ಜಿ. ಅದರಲ್ಲಿ ಚಕ್ರ, ಹಬ್, ಡ್ರಮ್, ತೋಳಿನ ಪಾಲು ಎಂದು 30 ಕಳೆಯಿರಿ. ಸ್ಪ್ರಿಂಗ್ ಹೊರುವುದು 190. ಮೆತ್ತನೆಯ ಸೆಟಪ್‌ಗೆ 1.5 ಹರ್ಟ್ಸ್ (ಸೆಕೆಂಡಿಗೆ ಒಂದೂವರೆ ಸಲ ತೂಗಾಟ) ಹಿಡಿದರೆ ಚಕ್ರದ ಹತ್ತಿರ ಪ್ರತಿ ಮಿ.ಮೀ.ಗೆ 16.9 ನ್ಯೂಟನ್ ಬೇಕು. ಚುರುಕಾದ ರಸ್ತೆ ಗಾಡಿಗೆ 1.8 ಹರ್ಟ್ಸ್ ಸಾಕು, ಅದಕ್ಕೆ 24.3 ನ್ಯೂಟನ್. 0.7ರ ಅನುಪಾತದಲ್ಲಿ ಸ್ಪ್ರಿಂಗ್ ಸುಮಾರು 50 ನ್ಯೂಟನ್, ಅಂಗಡಿಯ ಭಾಷೆಯಲ್ಲಿ 5 ಕೆ.ಜಿ. ಹಿಂದೆ ಇಬ್ಬರು ಕೂತು ಲಗೇಜ್ ಬಿದ್ದರೆ ಒಂದೊಂದು ಚಕ್ರಕ್ಕೆ 65 ಕೆ.ಜಿ. ಹೆಚ್ಚುತ್ತದೆ. ಮೆತ್ತನೆಯ ಸ್ಪ್ರಿಂಗ್ ಆಗ 38 ಮಿ.ಮೀ. ಕೂರುತ್ತದೆ, ಗಟ್ಟಿಯದು 26 ಮಿ.ಮೀ. ತುಂಬಿದ ಗಾಡಿಯಲ್ಲಿ 1.8 ಹರ್ಟ್ಸ್ ಸ್ಪ್ರಿಂಗ್ 1.55ಕ್ಕೆ ಇಳಿದಿರುತ್ತದೆ. ಖಾಲಿಯಾಗಿದ್ದಾಗ ಒಂಚೂರು ಕುಲುಕಿದ ಗಾಡಿ ತುಂಬಿದಾಗ ಹಾಯಾಗಿ ಹೋಗುವುದು ಇದರಿಂದಲೇ.

ಅಪಾಯ ಇರುವುದು ಬಂಪ್ ಸ್ಟಾಪ್‌ನಲ್ಲಿ, ಅಂದರೆ ಚಕ್ರ ತೀರ ಮೇಲೇರದಂತೆ ತಡೆಯುವ ರಬ್ಬರ್ ತುಂಡಿನಲ್ಲಿ. ಖಾಲಿ ಗಾಡಿಯಲ್ಲಿ ಬಂಪ್ ಸ್ಟಾಪ್ ತಾಗುವ ಮುನ್ನ ಚಕ್ರಕ್ಕೆ 70 ಮಿ.ಮೀ. ಏರುವ ಜಾಗ ಇತ್ತೆಂದುಕೊಳ್ಳಿ. 30 ಮಿ.ಮೀ. ಇಳಿಸಿದಿರಿ, 40 ಉಳಿಯಿತು. ಜನ, ಲಗೇಜ್ ಸೇರಿ 26 ಹೋಯಿತು, ಉಳಿದದ್ದು 14. ತಿರುವಿನಲ್ಲಿ ಹೊರಗಿನ ಚಕ್ರ ಅಷ್ಟನ್ನು ಸಲೀಸಾಗಿ ತಿಂದುಹಾಕುತ್ತದೆ. ಆ ಕ್ಷಣ ಬಂಪ್ ಸ್ಟಾಪ್ ಸ್ಪ್ರಿಂಗಿನ ಜೊತೆ ಸೇರಿಕೊಂಡು ಹಿಂಬದಿ ಒಮ್ಮೆಲೇ ಹಲವು ಪಟ್ಟು ಗಡಸಾಗುತ್ತದೆ, ಭಾರವೆಲ್ಲ ಆ ಒಂದು ಟೈರಿನ ಮೇಲೆ ಬೀಳುತ್ತದೆ, ಬಾಲ ಹೊರಗೆ ಜಾರುತ್ತದೆ. ಚಾರ್ಮಾಡಿಯಲ್ಲಿ ಮಳೆ ಸುರಿಯುತ್ತಿರುವಾಗ, ತಿರುವಿನ ನಡುವೆ ಒಂದು ಗುಂಡಿ ಸಿಕ್ಕಿದಾಗ ಹೀಗಾದರೆ ಸರಿಪಡಿಸಿಕೊಳ್ಳಲು ಸಮಯವಿರುವುದಿಲ್ಲ. ಅದಕ್ಕೇ ನಮ್ಮ ರಸ್ತೆಗೆ ಹಿಂದುಗಡೆ 15ರಿಂದ 20 ಮಿ.ಮೀ.ಗಿಂತ ಹೆಚ್ಚು ಇಳಿಸಲೇಬಾರದು ಎನ್ನುತ್ತೇನೆ. ತುಂಬಿದ ಗಾಡಿಯಲ್ಲೂ ಚಕ್ರಕ್ಕೆ 35 ಮಿ.ಮೀ. ಸಿಗಲೇಬೇಕು. ಸಿಗದಿದ್ದರೆ ಎತ್ತರ ಏರಿಸಿ, ಇಲ್ಲವೇ ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಿ. ಬಂಪ್ ಸ್ಟಾಪ್ ಕತ್ತರಿಸಿ ಜಾಗ ಮಾಡಿಕೊಳ್ಳುವವರಿದ್ದಾರೆ. ಶಾಕ್ ಒಳಗೆ ಲೋಹಕ್ಕೆ ಲೋಹ ಬಡಿದು ವಾಲ್ವ್ ಒಡೆಯುವ ದಾರಿ ಅದು.

ಎಷ್ಟು ಜಾಗ ಬಳಕೆಯಾಗುತ್ತಿದೆ ಎಂದು ತಿಳಿಯಲು ಎರಡು ರೂಪಾಯಿಯ ಕೇಬಲ್ ಟೈ ಸಾಕು. ಶಾಕಿನ ರಾಡ್ ಮೇಲಿರುವ ಧೂಳಿನ ಕವಚವನ್ನು ಮೇಲಕ್ಕೆ ಸರಿಸಿ, ರಾಡಿಗೆ ಟೈ ಬಿಗಿದು ಶಾಕಿನ ಬಾಡಿಗೆ ತಾಗುವಂತೆ ಕೆಳಗೆ ತಳ್ಳಿ. ನಾಲ್ಕು ಜನ ಕೂತು ದಿನಾ ಹೋಗುವ ದಾರಿಯಲ್ಲೇ ಹತ್ತು ಕಿಲೋಮೀಟರ್ ಓಡಿಸಿ ಬನ್ನಿ. ಟೈ ಎಲ್ಲಿ ನಿಂತಿದೆಯೋ ಅಲ್ಲಿಯವರೆಗೆ ಶಾಕ್ ಕುಗ್ಗಿದೆ. ಟೈ ಪ್ರತಿ ಸಲ ಬಂಪ್ ಸ್ಟಾಪ್ ಒಳಗೆ ಹೂತು ಸಿಕ್ಕರೆ ಗಾಡಿ ಓಡುತ್ತಿರುವುದು ರಬ್ಬರಿನ ಮೇಲೆ, ಸ್ಪ್ರಿಂಗಿನ ಮೇಲಲ್ಲ.

ಸ್ಪ್ರಿಂಗ್ ಕಡಿಮೆ ಖರ್ಚಿನಲ್ಲಿ ಗಟ್ಟಿ ಮಾಡುವ ಎರಡು ಉಪಾಯ ಎಲ್ಲ ಊರಲ್ಲೂ ಸಿಗುತ್ತವೆ. ಒಂದು, ಸುತ್ತು ಕತ್ತರಿಸುವುದು. ಕೆಲಸ ಮಾಡುವ 6 ಸುತ್ತಿನಲ್ಲಿ ಒಂದು ಹೋದರೆ ಸ್ಪ್ರಿಂಗ್ 20 ಪ್ರತಿಶತ ಗಟ್ಟಿಯಾಗುತ್ತದೆ ನಿಜ, ಆದರೆ ತುದಿ ಸೀಟಿನಲ್ಲಿ ಕೂರುವುದಿಲ್ಲ, ಚಕ್ರ ಜೋತುಬಿದ್ದಾಗ ಸ್ಪ್ರಿಂಗ್ ಕಳಚಿಕೊಳ್ಳಬಹುದು. ಗ್ಯಾಸ್ ಕಟ್ಟರ್‌ನಲ್ಲಿ ಕಾಯಿಸಿ ಕತ್ತರಿಸಿದರಂತೂ ಉಕ್ಕಿನ ಹದವೇ ಹೋಗುತ್ತದೆ. ಇನ್ನೊಂದು, ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕುವುದು. ಗಾಡಿ ಎತ್ತರವಾಗುತ್ತದೆ, ಹಂಪಿನಲ್ಲಿ ತಳ ತಾಗುವುದು ನಿಲ್ಲುತ್ತದೆ, ಜನ ಖುಷಿಪಡುತ್ತಾರೆ. ಆದರೆ ಬಫರ್ ಹಿಡಿದ ಸುತ್ತು ಕೆಲಸ ಬಿಟ್ಟುಬಿಡುತ್ತದೆ, ಅದರ ಪಾಲಿನ ಒತ್ತಡ ಉಳಿದ ಸುತ್ತುಗಳಿಗೆ ಹೋಗುತ್ತದೆ. ನಡುವೆ ಸಿಕ್ಕಿಕೊಂಡ ಕಲ್ಲುಪುಡಿ ಬಣ್ಣ ಉಜ್ಜಿ ತುಕ್ಕು ಹಿಡಿಸುತ್ತದೆ, ಸ್ಪ್ರಿಂಗ್ ಕೊನೆಗೆ ಅಲ್ಲೇ ಮುರಿಯುತ್ತದೆ.

ಶಾಕ್ ವಿಷಯದಲ್ಲಿ ಒಂದು ಲೆಕ್ಕ ನೆನಪಿದ್ದರೆ ಸಾಕು. ಸ್ಪ್ರಿಂಗ್ ಎಷ್ಟು ಪಟ್ಟು ಗಟ್ಟಿಯಾಯಿತೋ ಅದರ ವರ್ಗಮೂಲದಷ್ಟು ಶಾಕ್ ಗಟ್ಟಿಯಾಗಬೇಕು. 16.9ರಿಂದ 24.3ಕ್ಕೆ ಹೋದರೆ ಸ್ಪ್ರಿಂಗ್ 44 ಪ್ರತಿಶತ ಹೆಚ್ಚು, ಶಾಕ್ 20 ಪ್ರತಿಶತ ಹೆಚ್ಚು ಬೇಕು. ಒಳ್ಳೆಯ ಸ್ಥಿತಿಯ ಕಂಪನಿ ಶಾಕ್ ಸಣ್ಣ ಬದಲಾವಣೆಯನ್ನು ತಡೆದುಕೊಳ್ಳುತ್ತದೆ. 60,000 ಕಿ.ಮೀ. ಓಡಿ ಸುಸ್ತಾದ ಶಾಕ್ ತಡೆಯುವುದಿಲ್ಲ. ಕ್ಲಿಕ್ ಇರುವ ಶಾಕ್ ಹಾಕಿದ್ದರೆ ಪೂರ್ತಿ ಬಿಗಿ ಮಾಡಿ ಅಲ್ಲಿಂದ ಹಿಂದಕ್ಕೆ ಎಣಿಸಿ. ಬಿಗಿಯ ಕೊನೆ ಖಚಿತ, ಸಡಿಲದ ಕೊನೆ ಅಷ್ಟು ಖಚಿತವಲ್ಲ. ಒಮ್ಮೆಗೆ ಎರಡು ಕ್ಲಿಕ್, ಎರಡೂ ಬದಿ ಒಂದೇ ಸಮ, ಬರೆದಿಟ್ಟುಕೊಂಡು. ಹಂಪು ದಾಟಿದ ಮೇಲೆ ಹಿಂಬದಿ ಒಂದಕ್ಕಿಂತ ಹೆಚ್ಚು ಸಲ ತೂಗಾಡಿದರೆ ಸಡಿಲವಾಗಿದೆ. ಸಾಲು ಸಾಲು ರಂಬಲ್ ಸ್ಟ್ರಿಪ್ ಮೇಲೆ ಗಾಡಿ ಹೋಗುತ್ತಾ ಹೋಗುತ್ತಾ ಕುಳ್ಳಾಗಿ, ಕೊನೆಯ ಪಟ್ಟಿಗಳಲ್ಲಿ ದಡದಡ ಎಂದರೆ ರಿಬೌಂಡ್ (ಶಾಕ್ ಹಿಗ್ಗುವಾಗಿನ ತಡೆ) ಅತಿಯಾಗಿದೆ: ಸ್ಪ್ರಿಂಗ್ ಹಿಗ್ಗುವ ಮೊದಲೇ ಮುಂದಿನ ಪೆಟ್ಟು ಬೀಳುತ್ತಿದೆ.

ಕೂರಿಸುವ ಕೆಲಸ ಕಷ್ಟದ್ದಲ್ಲ, ಆದರೆ ಕ್ರಮ ತಪ್ಪಬಾರದು. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರುವಾಗಲೇ ಹಬ್ ನಡುವಿನಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದುಕೊಳ್ಳಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಟ್ಟು, ಹಿಂಬದಿ ಎತ್ತಿ, ಬಾಡಿಯ ಜ್ಯಾಕ್ ಪಾಯಿಂಟ್‌ಗೆ ಸ್ಟ್ಯಾಂಡ್ ಕೊಡಿ. ಬರೀ ಜ್ಯಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಬೀಮ್ ಕೆಳಗೆ ಇನ್ನೊಂದು ಜ್ಯಾಕ್ ಇಟ್ಟು, ಎರಡೂ ಶಾಕಿನ ಕೆಳಗಿನ ಬೋಲ್ಟ್ ಬಿಚ್ಚಿ, ಬೀಮ್ ನಿಧಾನವಾಗಿ ಇಳಿಸಿ. ಬ್ರೇಕ್ ಹೋಸ್, ಎಬಿಎಸ್ ವೈರ್ ಎಳೆಯುತ್ತಿಲ್ಲವೇ ನೋಡುತ್ತಿರಿ. ಸ್ಪ್ರಿಂಗ್ ಸಡಿಲವಾಗಿ ಕೈಗೆ ಬರುತ್ತದೆ. ಹೊಸದನ್ನು ಇಡುವಾಗ ಮೇಲೆ ಕೆಳಗೆ ರಬ್ಬರ್ ಸೀಟ್ ಇರಲೇಬೇಕು, ಸ್ಪ್ರಿಂಗಿನ ತುದಿ ಸೀಟಿನ ಮೆಟ್ಟಿಲಿಗೆ ತಾಗಿರಬೇಕು. ಆಮೇಲೆ ಬರುವ ‘ಟಕ್’ ಸದ್ದಿಗೆ ಹೆಚ್ಚಿನಂಶ ಈ ತುದಿಯೇ ಕಾರಣ. ಚಕ್ರ ಪೂರ್ತಿ ಜೋತುಬಿದ್ದಾಗಲೂ ಸ್ಪ್ರಿಂಗ್ ಕೈಯಲ್ಲಿ ಅಲುಗಾಡಬಾರದು. ಅಲುಗಾಡಿದರೆ ಅದು ಆ ಶಾಕಿಗೆ ತೀರ ಗಿಡ್ಡ.

ಇನ್ನೊಂದು ತಪ್ಪು ಗ್ಯಾರೇಜುಗಳಲ್ಲಿ ದಿನನಿತ್ಯ ನಡೆಯುತ್ತದೆ: ಗಾಡಿ ಮೇಲೆತ್ತಿರುವಾಗಲೇ ಬುಷ್ ಬೋಲ್ಟ್ ಬಿಗಿಯುವುದು. ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದರೆ ಗಾಡಿ ನೆಲಕ್ಕಿಳಿದ ಕೂಡಲೇ ಅದು ಸದಾ ತಿರುಚಿಕೊಂಡೇ ಇರುತ್ತದೆ. ಎತ್ತರ ಸುಳ್ಳು ಹೇಳುತ್ತದೆ, ಕೆಲವೇ ತಿಂಗಳಲ್ಲಿ ರಬ್ಬರ್ ಹರಿಯುತ್ತದೆ. ತೋಳಿನ ಕೆಳಗೆ ಜ್ಯಾಕ್ ಕೊಟ್ಟು, ಹಬ್‌ನಿಂದ ಫೆಂಡರ್ ಅಂಚಿಗೆ ಗಾಡಿ ನಿಲ್ಲಬೇಕಾದ ಎತ್ತರದ ಅಳತೆ ಬಂದ ಮೇಲೆ ಬಿಗಿಯಿರಿ. ಟಾರ್ಕಿನ ಜೊತೆ ‘ಇನ್ನೂ 90 ಡಿಗ್ರಿ’ ಎಂದು ಕೋನ ಕೊಟ್ಟಿರುವ ಬೋಲ್ಟುಗಳು ಹಿಗ್ಗುವ ಜಾತಿಯವು, ಬಿಚ್ಚಿದರೆ ಹೊಸದೇ ಹಾಕಬೇಕು. ಬುಷ್ ಬದಲಿಸುವುದಿದ್ದರೆ ರಬ್ಬರಿನದ್ದೇ ಹಾಕಿ. ಗಟ್ಟಿ ಪಾಲಿಯುರಿಥೇನ್ ಹಾಕಿದರೆ ಪಕ್ಕಕ್ಕೆ ಜರುಗುವುದು ಕಡಿಮೆಯಾಗುತ್ತದೆ, ಆದರೆ ಬೀಮ್ ತಿರುಚುವಾಗ ಬುಷ್ ಹಲವು ದಿಕ್ಕಿಗೆ ಬಾಗಬೇಕಾಗುತ್ತದೆ. ಅಲ್ಲಿ ಅದು ಹಿಡಿದುಕೊಳ್ಳುತ್ತದೆ. ದಿನಾ ಓಡಿಸುವ ಗಾಡಿಗೆ ಅದು ಲಾಭದ ವ್ಯಾಪಾರವಲ್ಲ.

ಅಲೈನ್‌ಮೆಂಟ್ ಅಂಗಡಿಯಲ್ಲಿ ‘ಪೋಲೊಗೆ ಹಿಂದೆ ಅಡ್ಜಸ್ಟ್‌ಮೆಂಟ್ ಇಲ್ಲ ಸಾರ್’ ಎಂದು ಹೇಳಿ ಮುಂದಿನದಷ್ಟೇ ಮಾಡಿ ಕಳಿಸುತ್ತಾರೆ. ಅಡ್ಜಸ್ಟ್‌ಮೆಂಟ್ ಇಲ್ಲದಿದ್ದರೂ ಅಳತೆ ಬೇಕು, ಪ್ರಿಂಟ್ ಕೇಳಿ ಪಡೆಯಿರಿ. ಹಿಂದಿನ ಒಟ್ಟು ಟೋ (ಮೇಲಿನಿಂದ ನೋಡಿದಾಗ ಚಕ್ರದ ಓರೆ) ಒಳಮುಖವಾಗಿ 10ರಿಂದ 25 ನಿಮಿಷ (60 ನಿಮಿಷಕ್ಕೆ ಒಂದು ಡಿಗ್ರಿ), ಕ್ಯಾಂಬರ್ (ಹಿಂದಿನಿಂದ ನೋಡಿದಾಗ ಚಕ್ರದ ವಾಲು) ಮೈನಸ್ ಒಂದೂವರೆ ಡಿಗ್ರಿ ಆಸುಪಾಸು ಇದ್ದರೆ ಮುಟ್ಟಬೇಡಿ. ಹೊರಮುಖ ಟೋ ಬಂದಿದ್ದರೆ ಮಾತ್ರ ಗಾಡಿ ಹೈವೇ ಮೇಲೆ ಹತ್ತಿಸುವ ಮೊದಲೇ ಸರಿಪಡಿಸಿ. ಹಿಂದೆ ಟೋ ಹೊರಗಿದ್ದರೆ ಗಾಡಿ ತಾನೇ ತಿರುಗಲು ಹೊರಡುತ್ತದೆ. ಎತ್ತರಕ್ಕೂ ಟೋಗೂ ನಂಟಿದೆ. ಕ್ಯಾಂಬರ್ ಇರುವ ಹಬ್ ತೋಳಿನ ಜೊತೆ ತಿರುಗಿದಾಗ ಆ ಓರೆಯ ಸ್ವಲ್ಪ ಪಾಲು ಟೋ ಆಗಿ ಮಾರ್ಪಡುತ್ತದೆ. ತೋಳು 400 ಮಿ.ಮೀ. ಎಂದು ಹಿಡಿದರೆ 30 ಮಿ.ಮೀ. ಇಳಿಸಿದಾಗ ಅದು 4.3 ಡಿಗ್ರಿ ತಿರುಗುತ್ತದೆ, ಒಂದೊಂದು ಚಕ್ರದಲ್ಲಿ ಟೋ ಸುಮಾರು 7 ನಿಮಿಷ ಒಳಗೆ ಹೋಗುತ್ತದೆ. ಗುಂಡಿಗೆ ಹೆದರಿ ಸ್ಪೇಸರ್ ಇಟ್ಟು ಎತ್ತರಿಸಿದರೆ ಅಷ್ಟೇ ಪ್ರಮಾಣದಲ್ಲಿ ಒಳಮುಖ ಟೋ ಕರಗುತ್ತದೆ. ಎತ್ತರಿಸಿದ ಗಾಡಿ ಹೈವೇಯಲ್ಲಿ ಹಗುರಾಗಿ ಅಲೆದಾಡುವುದಕ್ಕೆ ಇದೂ ಒಂದು ಕಾರಣ.

ಟೋ ತಿದ್ದಲೇಬೇಕಾದರೆ ದಾರಿ ಶಿಮ್, ಅಂದರೆ ತೆಳು ಲೋಹದ ಬಿಲ್ಲೆ. ಹಬ್ ಬೋಲ್ಟಾಗುವ ಮುಖಕ್ಕೂ ತೋಳಿಗೂ ನಡುವೆ ಕೂರುವ ಓರೆ ಶಿಮ್, ಪೂರ್ತಿ ಮುಖಕ್ಕೆ ಹರಡಿಕೊಂಡಿರುವಂಥದ್ದೇ ಬೇಕು. ಬೋಲ್ಟುಗಳ ಅಂತರ 80 ಮಿ.ಮೀ. ಇದ್ದರೆ ಒಂದು ಡಿಗ್ರಿಗೆ 1.4 ಮಿ.ಮೀ. ದಪ್ಪದ ವ್ಯತ್ಯಾಸ. ಬೋಲ್ಟಿಗೆ ವಾಷರ್ ಪೇರಿಸಿ ಓರೆ ಮಾಡುವುದುಂಟು. ಆಗ ಮುಖ ಬೋಲ್ಟಿನ ಬಳಿ ಮಾತ್ರ ಕೂತು, ನಡುವೆ ಪೊಳ್ಳಾಗಿ, ಬೋಲ್ಟು ಬಾಗುತ್ತಾ ಬಾಗುತ್ತಾ ಸಡಿಲಾಗುತ್ತದೆ. ಒಂದು ಚಕ್ರ ಮಾತ್ರ ಹೊರಗಿದ್ದು ಇನ್ನೊಂದು ಸರಿಯಿದ್ದರೆ ಶಿಮ್ ಹುಡುಕುವ ಮೊದಲು ಬೀಮ್ ಬಾಗಿದೆಯೇ ನೋಡಿ. ಅಲಾಯ್ ಬಿರುಕುಬಿಡುವಷ್ಟು ದೊಡ್ಡ ಗುಂಡಿ ಹಬ್ ಅನ್ನೂ ಬಾಗಿಸಬಲ್ಲದು.

ಹಿಂಬದಿ ಆಂಟಿ ರೋಲ್ ಬಾರ್ (ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಸರಳು) ಎಲ್ಲಕ್ಕಿಂತ ಕೊನೆಗೆ. ಬೀಮ್ ತಾನೇ ಒಂದು ಬಾರ್ ಎಂಬುದು ನೆನಪಿರಲಿ. ಬೋಲ್ಟ್ ಮಾಡುವ ಹೆಚ್ಚುವರಿ ಬಾರ್ ಹಾಕಿದರೆ ಮೂತಿ ಹೊರಗೆ ತಳ್ಳುವುದು ಕಡಿಮೆಯಾಗುತ್ತದೆ, ತಿರುವಿನಲ್ಲಿ ಒಳಗಿನ ಹಿಂಚಕ್ರ ಎದ್ದು ಮುಂದಿನ ಒಳಚಕ್ರಕ್ಕೆ ಹಿಡಿತ ಉಳಿಯುತ್ತದೆ. ದಪ್ಪ ಆರಿಸುವಾಗ ಎಚ್ಚರ. ಗಡಸುತನ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ, 22ರ ಬದಲು 24 ಮಿ.ಮೀ. ಬಾರ್ 42 ಪ್ರತಿಶತ ಗಟ್ಟಿ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ ಹಿತವೆನಿಸುವ ಬಾರ್, ಒದ್ದೆಯ ಘಾಟಿಯಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಬಾಲ ತಿರುಗಿಸುತ್ತದೆ. ಬೀಮಿಗೆ ಪಟ್ಟಿ ವೆಲ್ಡ್ ಮಾಡಿ ಗಟ್ಟಿ ಮಾಡುವುದಂತೂ ಬೇಡವೇ ಬೇಡ. ಅದು ಜೀವಮಾನವೆಲ್ಲ ತಿರುಚುವ ಲೋಹ, ವೆಲ್ಡಿನ ತುದಿಯಿಂದಲೇ ಬಿರುಕು ಹೊರಡುತ್ತದೆ.

ಹಂಪಿನ ಲೆಕ್ಕವೂ ಇರಲಿ. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಮಾನದಂಡದ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಪೋಲೊದ ವೀಲ್‌ಬೇಸ್ 2.47 ಮೀಟರ್, ಆ ಹಂಪಿನ ಮೇಲೆ ಹೊಟ್ಟೆಯ ಕೆಳಗೆ ಬೇಕಾಗುವುದು 45 ಮಿ.ಮೀ. ಮಾತ್ರ. ಅಂಥ ಹಂಪು ಇಳಿಸಿದ ಗಾಡಿಗೂ ತಾಗದು. ಊರವರು ರಾತ್ರೋರಾತ್ರಿ ಹಾಕುವ, ಅಷ್ಟೇ ಎತ್ತರದ ಒಂದಡಿ ಅಗಲದ ದಿಬ್ಬಕ್ಕೆ ಪೂರ್ತಿ 100 ಮಿ.ಮೀ. ಬೇಕು. ಎತ್ತರ ತೀರ್ಮಾನಿಸುವಾಗ ನಿಮ್ಮ ಬೀದಿಯ ದಿಬ್ಬವನ್ನೇ ಅಳತೆಗೋಲು ಮಾಡಿಕೊಳ್ಳಿ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ಮೂಲ ವಿವರಕ್ಕೆ ಹೊಂದದ ಮಾರ್ಪಾಡಿಗೆ ಅಡ್ಡಬರುತ್ತದೆ. ಕಂಪನಿಯ ಭಾಗಗಳನ್ನು ಎಸೆಯದೆ ಎತ್ತಿಡಿ.

ಎಲ್ಲ ಮುಗಿದು 200 ಕಿ.ಮೀ. ಓಡಿದ ಮೇಲೆ ಸ್ಪ್ರಿಂಗ್ ಕೂತಿರುತ್ತದೆ. ಆಗ ನಾಲ್ಕೂ ಕಡೆ ಎತ್ತರ ಮತ್ತೆ ಅಳೆಯಿರಿ, ಎಡಬಲಕ್ಕೆ 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಬೋಲ್ಟುಗಳ ಬಿಗಿ ನೋಡಿ, ಹಿಂದಿನ ಟೈರಿನ ಮೇಲೆ ಅಂಗೈ ಅಡ್ಡ ಸವರಿ. ಒಂದು ದಿಕ್ಕಿಗೆ ನುಣುಪಾಗಿ, ಇನ್ನೊಂದು ದಿಕ್ಕಿಗೆ ಗರಗಸದಂತೆ ಚುಚ್ಚಿದರೆ ಟೋ ತಪ್ಪಿದೆ. ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಹೋಗಿದೆ. ಕೊನೆಗೆ ಡಿಕ್ಕಿಗೆ ಮಾಮೂಲಿ ಭಾರ ಹಾಕಿ, ಕತ್ತಲಾದ ಮೇಲೆ ಗೋಡೆಯ ಎದುರು ನಿಲ್ಲಿಸಿ ಹೆಡ್‌ಲೈಟ್ ತಿದ್ದಿ. ಹಿಂಬದಿ 15 ಮಿ.ಮೀ. ಇಳಿದರೂ ಬೆಳಕು ಎದುರಿನವರ ಕಣ್ಣಿಗೆ ಏರಿರುತ್ತದೆ.