ಸಾಕುವ ಟ್ರೇಗೆ ಹುಳು ಕಮ್ಮಿ ಹಾಕಿ

ನೀರಿನಲ್ಲಿರುವ ಸೊಳ್ಳೆ ಮರಿಗಳನ್ನು, ಅಂದರೆ ಲಾರ್ವಾಗಳನ್ನು, ಕೊಲ್ಲುವ ನೆಮಟೋಡ್ ಎಂಬ ದಾರದಂಥ ಸಣ್ಣ ಹುಳುಗಳನ್ನು ಸಾಕುವುದು ನನ್ನ ಕೆಲಸ. ನಾವು ಬೆಳೆಸುವುದು ರೋಮನೋಮರ್ಮಿಸ್ ಅಯ್ಯಂಗಾರಿ ಎಂಬ ಜಾತಿ. ಬಂಗಾಳದಲ್ಲಿ ಮಲೇರಿಯಾ ಸೊಳ್ಳೆಗಳ ಒಳಗೆ ಇಂಥ ಹುಳುಗಳನ್ನು ಗುರುತಿಸಿದ ಎಂ.ಒ.ಟಿ. ಅಯ್ಯಂಗಾರ್ ಅವರ ಹೆಸರಿನದು. ನಮ್ಮ ಸೆಕೆಗೆ ಚೆನ್ನಾಗಿ ಒಗ್ಗುತ್ತದೆ.

ಕೆಲಸಕ್ಕೆ ಹೊಸದಾಗಿ ಸೇರಿದವರು ಕೇಳುತ್ತಾರೆ, "ಲಾರ್ವಾ ಇರುವ ಟ್ರೇಗೆ ಇನ್ನೂ ಜಾಸ್ತಿ ಹುಳು ಬಿಟ್ಟರೆ ಜಾಸ್ತಿ ಹುಳು ಸಿಗುತ್ತೆ ಅಲ್ವಾ?" ಇಲ್ಲ, ಸಿಗುವುದಿಲ್ಲ.

ಮೊಟ್ಟೆಯೊಡೆದ ಮರಿಹುಳು ಈಜಿಕೊಂಡು ಹೋಗಿ ಎಳೆಯ ಲಾರ್ವಾದ ಚರ್ಮ ತೂತು ಮಾಡಿ ಒಳಗೆ ಸೇರುತ್ತದೆ. ಒಂದು ವಾರದಷ್ಟು ಅದರ ಮೈಯಲ್ಲೇ ಬೆಳೆದು, ಸೀಳಿಕೊಂಡು ಹೊರಬರುತ್ತದೆ. ಲಾರ್ವಾ ಸಾಯುವುದು ಆಗಲೇ. ಒಳಗೆ ಒಂದೇ ಹುಳು ಇದ್ದರೆ ಅದಕ್ಕೆ ಹೊಟ್ಟೆತುಂಬ ಸಿಕ್ಕಿ ಹೆಚ್ಚಾಗಿ ಹೆಣ್ಣಾಗುತ್ತದೆ. ಹತ್ತಾರು ನುಗ್ಗಿದರೆ ಯಾವುದಕ್ಕೂ ಸಾಲದೆ ಬಹುತೇಕ ಗಂಡೇ ಆಗುತ್ತವೆ. ಇನ್ನೂ ಜಾಸ್ತಿಯಾದರೆ ಹುಳು ಬಲಿಯುವ ಮೊದಲೇ ಲಾರ್ವಾ ಸತ್ತು ಎರಡೂ ಹಾಳು. ಗಂಡು ಮೊಟ್ಟೆ ಇಡುವುದಿಲ್ಲವಲ್ಲ. ಆಮೇಲೆ, ಹೊರಬಂದ ಹುಳುಗಳನ್ನು ಮೊಟ್ಟೆ ಇಡಲು ಬಿಡುವ ಒದ್ದೆ ಮರಳಿನ ತುಂಬ ಹುಳು ಇದ್ದರೂ, ಅದಕ್ಕೆ ನೀರು ಹಾಕಿದಾಗ ಹೊರಬರುವ ಮರಿ ತೀರಾ ಕಡಿಮೆ.

ಅದಕ್ಕೇ ಎಣಿಕೆ ಬಿಡಬಾರದು. ಮರಿಹುಳುಗಳಿರುವ ನೀರನ್ನು ಚೆನ್ನಾಗಿ ಕಲಕಿ, ಪಿಪೆಟ್‌ನಲ್ಲಿ ಸ್ವಲ್ಪ ತೆಗೆದು, ಮೈಕ್ರೋಸ್ಕೋಪಿನಡಿ ಎಣಿಸಿ, ಮತ್ತೆ ಮತ್ತೆ ಮಾಡಿ ಸರಾಸರಿ ಹಿಡಿಯುತ್ತೇವೆ. ಕಣ್ಣು ಸೋಲುತ್ತದೆ, ನಿಜ. ಆದರೆ ಇಡೀ ಕೆಲಸದಲ್ಲಿ ನಾನು ಅತಿ ಮುಖ್ಯ ಅನ್ನುವುದು ಇದನ್ನೇ. ಒಂದು ಲಾರ್ವಾಕ್ಕೆ ಮೂರು-ನಾಲ್ಕು ಮರಿಹುಳು ನಮ್ಮ ರೂಢಿ, ಯಾಕೆಂದರೆ ಎಲ್ಲವೂ ಒಳಗೆ ಸೇರುವುದಿಲ್ಲ. ಲಾರ್ವಾಗಳಿಗೆ ನಾಯಿ ಬಿಸ್ಕತ್ತು, ಯೀಸ್ಟ್ ಪುಡಿ ಸರಿಯಾಗಿ ಬೀಳಬೇಕು. ಅವು ಬಡಕಲಾದರೆ ಹುಳುವೂ ಬಡಕಲು.

ಹೊಂಡಕ್ಕೆ ಬಿಡುವಾಗ ಲೆಕ್ಕ ಬೇರೆ. ಅಲ್ಲಿ ಬೇಕಾಗಿರುವುದು ಸೊಳ್ಳೆಯ ಸಾವು. ಮರಿಹುಳು ಲಾರ್ವಾವನ್ನು ಹುಡುಕಿಕೊಂಡು ಹೋಗಬೇಕು, ಹಾಗಾಗಿ ಧಾರಾಳವಾಗಿ ಬಿಡುತ್ತೇವೆ. ಅದು ಹೊರಗೆ ಏನೂ ತಿನ್ನುವುದಿಲ್ಲ, ಒಂದು ದಿನ ಕಳೆದರೆ ಕಸುವು ಇಳಿಯುತ್ತದೆ. ಹುಟ್ಟಿದ ದಿನವೇ ನೀರಿಗೆ ಸೇರಿಸಿ. ಲಾರ್ವಾ ಎಳೆಯದಿರುವಾಗಲೇ ಹೋಗಿ. ಬಲಿತ ಲಾರ್ವಾ ಹುಳು ಹೊತ್ತುಕೊಂಡೇ ಸೊಳ್ಳೆಯಾಗಿ ಹಾರಿಬಿಡಬಹುದು. ಉಪ್ಪು ನೀರು, ಕೊಳಕು ಚರಂಡಿ ಇದಕ್ಕೆ ಆಗದು.

ಬಿಟ್ಟ ನಾಲ್ಕೈದು ದಿನಕ್ಕೆ ಕೆಲವು ಲಾರ್ವಾ ಹಿಡಿದು ನೋಡಿ. ಎದೆಭಾಗದಲ್ಲಿ ಬಿಳಿ ದಾರದ ಸುರುಳಿ ಕಂಡರೆ ಹುಳು ಸೇರಿದೆ. ಕಾಣದಿದ್ದರೆ ಮೊದಲು ನೀರಿನ ಉಪ್ಪಿನಂಶ ಪರೀಕ್ಷಿಸಿ.